ನೆರಳಿನ ಬಾಡಿಗೆ

ಅಗ್ಗದ ಪ್ರಯಾಣ ಎಂದರೇನು ಎಂದು ಕೇಳಿದರೆ ಕಡಿಮೆ ದುಡ್ಡಿನ ಪ್ರಯಾಣ ಎಂದು ಹೇಳಿಬಿಡುತ್ತೇವೆ. ಡಿಸೆಂಬರ್, ಜನವರಿಯಲ್ಲಿ ಈ ಉತ್ತರ ಸಾಕು. ಬೆಂಗಳೂರಿನಿಂದ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್‌ನ ಸ್ಲೀಪರ್ ಬೋಗಿ ಹತ್ತಿದವರೂ ಎಸಿ ಬೋಗಿ ಹತ್ತಿದವರೂ ಒಂದೇ ಹೊತ್ತಿಗೆ ಕಲಬುರಗಿಯಲ್ಲಿ ಇಳಿಯುತ್ತಾರೆ. ಒಬ್ಬರಿಗೆ ಹಾಸಲು ಬಿಳಿ ಬಟ್ಟೆ ಸಿಕ್ಕಿರುತ್ತದೆ, ಇನ್ನೊಬ್ಬರು ತಮ್ಮದೇ ಚಾದರ ಹೊದ್ದಿರುತ್ತಾರೆ. ಅಷ್ಟೇ ವ್ಯತ್ಯಾಸ. ಆದರೆ ಏಪ್ರಿಲ್ ತಿಂಗಳಲ್ಲಿ ಅದೇ ರೈಲಿನ ಅವೇ ಎರಡು ಬೋಗಿಗಳು ಎರಡು ಬೇರೆ ದೇಶಗಳಾಗಿಬಿಡುತ್ತವೆ. ವೇಗ ಒಂದೇ, ಹಳಿ ಒಂದೇ, ತಲುಪುವ ಊರು ಒಂದೇ. ಹೆಚ್ಚು ದುಡ್ಡು ಕೊಟ್ಟವರು ಕೊಂಡದ್ದು ತಂಪು ಒಂದನ್ನೇ. ಕಡಿಮೆ ಕೊಟ್ಟವರು ಉಳಿದದ್ದನ್ನು ಮೈಯಿಂದ ಕೊಡುತ್ತಾರೆ, ಬೆವರಿನಲ್ಲಿ, ಕೆಟ್ಟ ನಿದ್ದೆಯಲ್ಲಿ, ಮರುದಿನದ ತಲೆನೋವಿನಲ್ಲಿ. ಬೇಸಿಗೆಯಲ್ಲಿ ಅಗ್ಗದ ಟಿಕೆಟ್ ಎನ್ನುವುದು ನಿಜಕ್ಕೂ ಅಗ್ಗವಲ್ಲ, ಅದರ ಒಂದು ಭಾಗವನ್ನು ಬೇರೆ ನಾಣ್ಯದಲ್ಲಿ ವಸೂಲಿ ಮಾಡಲಾಗುತ್ತದೆ.

ನಾನು ವಾಸ ಮಾಡುವುದು ಸಾರಕ್ಕಿಯಲ್ಲಿ. ಪಿಎಚ್‌ಡಿ ಕೆಲಸಕ್ಕಾಗಿ ವರ್ಷಕ್ಕೆರಡು ಸಲವಾದರೂ ಕಲಬುರಗಿ, ರಾಯಚೂರು ಕಡೆ ಹೋಗಬೇಕು. ವಿದ್ಯಾರ್ಥಿವೇತನ ಬರುವ ದಿನ ನೋಡಿಕೊಂಡು ಹೊರಡುವುದರಿಂದ ಕಾಲ ಆರಿಸಿಕೊಳ್ಳುವ ಸೌಕರ್ಯ ಇರುವುದಿಲ್ಲ. ಹಾಗಾಗಿ ಬೇಸಿಗೆಯ ಸ್ಲೀಪರ್ ಬೋಗಿ, ಕೆಂಪು ಬಸ್ಸು, ಬಸ್‌ಸ್ಟ್ಯಾಂಡಿನ ಹಿಂದಿನ ನಾನ್-ಎಸಿ ಲಾಡ್ಜು ಇವೆಲ್ಲ ಚೆನ್ನಾಗಿ ಪರಿಚಯ. ಈ ಪ್ರಯಾಣಗಳಲ್ಲಿ ಮತ್ತೆ ಮತ್ತೆ ಎದುರಾದ ಒಂದು ಪ್ರಶ್ನೆಯನ್ನು ಇಲ್ಲಿ ಬಿಡಿಸಿ ನೋಡಬೇಕೆನಿಸಿದೆ. ಬಿಸಿಲಿನಲ್ಲಿ ನಿಂತ ಅಪರಿಚಿತರಿಗೆ ಒಂದು ಊರು ಏನನ್ನು ಕೊಡಬೇಕು? ಕೊಡುವುದಿದ್ದರೆ ಅದು ದಾನವೋ, ಸಾಲವೋ, ಹಕ್ಕೋ?

ಮೊದಲು ಬಿಸಿಲು ಎಂಬ ಮಾತನ್ನೇ ಸ್ವಲ್ಪ ತಿಳಿದುಕೊಳ್ಳೋಣ. ಬೆಂಗಳೂರಿನವರಾದ ನಾವೂ ಈಗ ಸೆಖೆಯ ಬಗ್ಗೆ ಮಾತಾಡುತ್ತೇವೆ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಯಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ. ಸಾರಕ್ಕಿ ಸಿಗ್ನಲ್ಲಿನಲ್ಲಿ ಬೈಕ್ ನಿಲ್ಲಿಸಿದವರೆಲ್ಲ ಆ ವಾರ ಮರದ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲೇ, ಗೆರೆಗಿಂತ ಇಪ್ಪತ್ತಡಿ ಹಿಂದೆ, ನಿಲ್ಲುತ್ತಿದ್ದರು. ಆದರೆ ನಮ್ಮೂರಿನ ರಾತ್ರಿ ಇನ್ನೂ ಒಂದಿಷ್ಟು ಕರುಣೆ ಉಳಿಸಿಕೊಂಡಿದೆ. ಕಲಬುರಗಿಯಲ್ಲಿ ರಾತ್ರಿ ಹತ್ತಕ್ಕೂ ಲಾಡ್ಜಿನ ಗೋಡೆ ಮುಟ್ಟಿದರೆ ಬಿಸಿ. ನಲ್ಲಿಯಲ್ಲಿ ಬರುವುದು ಕಾದ ನೀರು. ಹಗಲೆಲ್ಲ ಚಾವಣಿ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಫ್ಯಾನು ಕೆಳಗಿಳಿಸುತ್ತಿರುತ್ತದೆ.

ಮನುಷ್ಯನ ಒಳಮೈ ಸುಮಾರು 37 ಡಿಗ್ರಿ, ಚರ್ಮ 35ರ ಆಸುಪಾಸು. ಹೊರಗಿನ ಗಾಳಿ ಚರ್ಮಕ್ಕಿಂತ ತಣ್ಣಗಿರುವವರೆಗೆ ಮೈಯ ಶಾಖ ಹೊರಗೆ ಹೋಗುತ್ತದೆ. ಗಾಳಿಯೇ ಹೆಚ್ಚು ಬಿಸಿಯಾದರೆ ಶಾಖ ಒಳಗೆ ಬರತೊಡಗುತ್ತದೆ. ಆಗ ಉಳಿಯುವುದು ಬೆವರು ಆರುವ ದಾರಿಯೊಂದೇ. ಅದಕ್ಕೆ ಕುಡಿಯಲು ನೀರು ಬೇಕು. 40 ಡಿಗ್ರಿ ದಾಟಿದ ಮೇಲೆ ಫ್ಯಾನನ್ನು ನೆಚ್ಚಬೇಡಿ, ಅದು ಮೈಯನ್ನು ಇನ್ನಷ್ಟು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದೇ ಕಾರಣಕ್ಕೆ. ಸ್ಲೀಪರ್ ಬೋಗಿಯ ಮೇಲಿನ ಬರ್ತಿನಲ್ಲಿ ಮಲಗಿದವರಿಗೆ ಈ ಪಾಠವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಹೇಳಿದಾಗ ಸಾಮಾನ್ಯವಾಗಿ ಬರುವ ಉತ್ತರ ಒಂದಿದೆ: ‘ಅಲ್ಲಿಯವರಿಗೆ ರೂಢಿ ಆಗಿರುತ್ತೆ ಬಿಡಿ.’ ಕಲಬುರಗಿಯವರೂ ನಗುತ್ತ ‘ನಮಗ ರೂಢಿ ಅದರಿ, ನಿಮಗ ಆಗಂಗಿಲ್ಲ’ ಎನ್ನುತ್ತಾರೆ. ಎರಡೂ ಒಂದೇ ಮಾತಿನಂತೆ ಕೇಳಿಸಿದರೂ ಒಂದೇ ಅಲ್ಲ. ಅಲ್ಲಿಯವರು ಹೇಳುವಾಗ ಅದರಲ್ಲಿ ಅತಿಥಿಯ ಬಗ್ಗೆ ಕಾಳಜಿ ಇದೆ, ತಮ್ಮ ಗಟ್ಟಿತನದ ಬಗ್ಗೆ ಸಣ್ಣ ಹೆಮ್ಮೆ ಇದೆ. ಬೆಂಗಳೂರಿನಲ್ಲಿ ಕೂತವರು ಹೇಳುವಾಗ ಅದು ಲೆಕ್ಕ ಮುಗಿಸುವ ಮಾತು. ಮೈ ಬಿಸಿಲಿಗೆ ಹೊಂದಿಕೊಳ್ಳುತ್ತದೆ ಎನ್ನುವುದು ನಿಜ. ಒಂದೆರಡು ವಾರದಲ್ಲಿ ಬೆವರುವ ರೀತಿಯೇ ಬದಲಾಗುತ್ತದೆ. ಆದರೆ ಹೊಂದಿಕೊಳ್ಳುವುದಕ್ಕೂ ಒಂದು ಗಡಿ ಇದೆ. ರೂಢಿ ಎಂಬ ಮಾತು ಆ ಗಡಿಯನ್ನು ಮರೆಮಾಚುತ್ತದೆ.

ಸರ್ಕಾರಿ ಭಾಷೆಯಲ್ಲೂ ಈ ತೊಡಕಿದೆ. ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಗುರುತಿಸುತ್ತದೆ. 45 ಮುಟ್ಟಿದರೆ ವಾಡಿಕೆಯ ಲೆಕ್ಕ ಬೇಡ. ಎಚ್ಚರಿಕೆ ಕೊಡಲು ಇಂಥದೊಂದು ಅಳತೆ ಬೇಕು, ಸರಿ. ಆದರೆ ವಾಡಿಕೆಯೇ ನಲವತ್ತರ ಆಸುಪಾಸಿನಲ್ಲಿರುವ ಊರಿನಲ್ಲಿ 42 ಡಿಗ್ರಿ ಎನ್ನುವುದು ಸುದ್ದಿಯೇ ಆಗುವುದಿಲ್ಲ. ಅಂಕಿಅಂಶಕ್ಕೆ ವಾಡಿಕೆ ಇದೆ, ಚರ್ಮಕ್ಕೆ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ತಲೆ ಮೇಲೆ ಸೆರಗು ಹೊದ್ದು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತ ತಾಯಿಗೆ ಅದು ವಾಡಿಕೆಯ 42 ಎಂದು ತಿಳಿದರೆ ಯಾವ ಸಮಾಧಾನವೂ ಸಿಗುವುದಿಲ್ಲ.

ಈಗ ಪ್ರಯಾಣಿಕರ ಕಡೆ ನೋಡೋಣ. ಬಿಸಿಲೂರಿಗೆ ಕಡಿಮೆ ಖರ್ಚಿನಲ್ಲಿ ಹೋಗುವವರು ಎರಡು ಬಗೆ. ಒಬ್ಬರು ನೋಡಲು ಹೋಗುವವರು, ಬೆನ್ನಿಗೊಂದು ಚೀಲ, ದಿನಕ್ಕೆ ಇಷ್ಟೇ ಖರ್ಚು ಎಂಬ ಪಣ. ಅವರಿಗೆ ಬಿಸಿಲು ಮುಂದೊಂದು ದಿನ ಹೇಳಿಕೊಳ್ಳುವ ಕತೆಯಾಗುತ್ತದೆ. ಇನ್ನೊಬ್ಬರು ಮನೆಗೆ ಹೋಗುವವರು. ನಮ್ಮ ಜೆ.ಪಿ. ನಗರ, ಬನಶಂಕರಿ, ಕನಕಪುರ ರಸ್ತೆಯ ಕಟ್ಟಡಗಳಿಗೆ ಕಲ್ಲು, ಇಟ್ಟಿಗೆ, ಸಿಮೆಂಟು ಹೊತ್ತವರಲ್ಲಿ ಬಹಳ ಜನ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ಯುಗಾದಿಗೋ ಜಾತ್ರೆಗೋ ಮದುವೆಗೋ ಅವರು ಊರಿಗೆ ಹೊರಡುವುದು ಸರಿಯಾಗಿ ಬೇಸಿಗೆಯಲ್ಲೇ. ನಮ್ಮ ಬೀದಿಯ ಕೊನೆಯಲ್ಲಿ ತಗಡಿನ ಶೆಡ್ಡಿನಲ್ಲಿದ್ದ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಜನರಲ್ ಬೋಗಿಯಲ್ಲಿ ಊರಿಗೆ ಹೋಗಿಬಂದಳು. ‘ಹೆಂಗಿತ್ತವ್ವ ಪ್ರಯಾಣ’ ಎಂದರೆ ‘ಏನ್ ಹೆಂಗ್ರಿ, ಊರು ಬಂತು, ಇಳದ್ವಿ’ ಎಂದಳು. ಅವಳ ಬಾಯಲ್ಲಿ ಅದು ಕತೆಯಾಗಲೇ ಇಲ್ಲ. ಬಿಸಿಲನ್ನು ಸಾಹಸವಾಗಿ ಹೇಳಿಕೊಳ್ಳಲು ಅದರಿಂದ ಹೊರಗೆ ಬರುವ ಖಾತರಿ ಇರಬೇಕು.

ಇಲ್ಲೊಂದು ಆಕ್ಷೇಪ ಏಳಬಹುದು. ಹಾಗಾದರೆ ಮಿತವ್ಯಯಕ್ಕೆ ಬೆಲೆಯೇ ಇಲ್ಲವೇ? ಎಸಿ ಬೇಡ ಎಂದು ಸ್ಲೀಪರಿನಲ್ಲಿ ಹೋಗುವವರು ಭೂಮಿಗೆ ಕಡಿಮೆ ಹೊರೆಯಲ್ಲವೇ? ಖಂಡಿತ ಇದೆ ಬೆಲೆ. ಎಸಿ ಯಂತ್ರ ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊರಗೆ ದಬ್ಬುತ್ತದೆ, ಅದರ ಜೊತೆ ತನ್ನದೂ ಒಂದಿಷ್ಟು ಸೇರಿಸುತ್ತದೆ. ಎಸಿ ಲಾಡ್ಜಿನ ಹಿಂಬದಿಯ ಓಣಿಯಲ್ಲಿ ನಡೆದವರಿಗೆ ಇದು ಮುಖಕ್ಕೇ ತಾಗುತ್ತದೆ. ಇನ್ನೂ ದೊಡ್ಡ ಓಣಿಯೊಂದಿದೆ. ರಾಜ್ಯ ಸರ್ಕಾರದ ಒಡೆತನದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಇರುವುದು ರಾಯಚೂರು ಬಳಿಯ ಶಕ್ತಿನಗರ ಮತ್ತು ಯರಮರಸ್‌ನಲ್ಲಿ, ಬಳ್ಳಾರಿ ಬಳಿಯ ಕುಡತಿನಿಯಲ್ಲಿ. 1720 ಮೆಗಾವ್ಯಾಟ್ ಸಾಮರ್ಥ್ಯದ ಶಕ್ತಿನಗರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ರಾಜ್ಯದ ಅತಿ ಬಿಸಿಯ ಜಿಲ್ಲೆಗಳಲ್ಲಿ ಕಲ್ಲಿದ್ದಲು ಉರಿಸಿ, ತಂಪಾದ ರಾಜಧಾನಿಯನ್ನು ಇನ್ನಷ್ಟು ತಂಪು ಮಾಡುವುದರಲ್ಲಿ ನಾವು ನಾಲ್ಕು ದಶಕ ಕಳೆದಿದ್ದೇವೆ. ಬೂದಿ ಅಲ್ಲಿ, ಎಸಿ ಇಲ್ಲಿ.

ಹಾಗಾಗಿ ಕಡಿಮೆಯಲ್ಲಿ ಬದುಕುವುದು ಒಳ್ಳೆಯದೇ. ಆದರೆ ಮಿತವ್ಯಯ ಯಾವಾಗ ಗುಣವಾಗುತ್ತದೆ ಎನ್ನುವುದಕ್ಕೆ ಒಂದು ಪರೀಕ್ಷೆ ಬೇಕು. ನನಗೆ ತೋಚಿದ್ದು ಇಷ್ಟು: ನಾನು ಉಳಿಸಿದ ದುಡ್ಡಿನ ಬಿಸಿಲನ್ನು ಹೊತ್ತವರು ಯಾರು? ನಾನೇ ಹೊತ್ತಿದ್ದರೆ ಅದು ನನ್ನ ಆಯ್ಕೆ. ಬೇರೆಯವರು ಹೊತ್ತಿದ್ದರೆ ಅದು ಉಳಿತಾಯವಲ್ಲ, ವರ್ಗಾವಣೆ. ಕಲಬುರಗಿ ನಿಲ್ದಾಣದ ಹೊರಗೆ ಮಧ್ಯಾಹ್ನ ಒಂದೂವರೆಗೆ ಪ್ರವಾಸಿಯೊಬ್ಬರು ಆಟೋದವರ ಜೊತೆ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುತ್ತಿದ್ದುದನ್ನು ನೋಡಿದ್ದೇನೆ. ಪ್ರವಾಸಿ ನಿಂತದ್ದು ನಿಲ್ದಾಣದ ಮಾಡಿನ ಕೆಳಗೆ, ಆಟೋ ನಿಂತದ್ದು ಬಿಸಿಲಲ್ಲಿ. ಐದು ನಿಮಿಷದಲ್ಲಿ ಆಟೋದವರು ಒಪ್ಪಿಕೊಂಡರು. ಅವರು ಸೋತದ್ದು ವಾದದಲ್ಲಲ್ಲ, ಇನ್ನೂ ಐದು ನಿಮಿಷ ಕಾಯಲಾರದ್ದರಲ್ಲಿ. ಬೇರೊಂದು ದಿನ ಇದು ತಿರುವುಮುರುವಾದದ್ದನ್ನೂ ಕಂಡಿದ್ದೇನೆ. ಬಿಸಿಲಲ್ಲಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಿಂತ ಕುಟುಂಬದಿಂದ ಬೇವಿನ ಮರದ ಕೆಳಗಿದ್ದ ಆಟೋ ದುಪ್ಪಟ್ಟು ಕೇಳಿತು. ಅವರೂ ಕೊಟ್ಟರು. ಎರಡೂ ಸಲ ದರ ನಿಗದಿಯಾದದ್ದು ದೂರದಿಂದಲ್ಲ, ನೆರಳಿನಿಂದ. ನೆರಳು ಎಂದರೆ ಕಾಯುವ ಶಕ್ತಿ. ಯಾರು ಕಾಯಬಲ್ಲರೋ ಅವರು ಬೆಲೆ ಹೇಳುತ್ತಾರೆ.

ಮಧ್ಯಾಹ್ನದ ಬಿಸಿಲು ಮನುಷ್ಯರು ದುಡಿಯುವ ಹೊತ್ತಲ್ಲ ಎಂದು ನಮ್ಮ ಸರ್ಕಾರಕ್ಕೂ ಗೊತ್ತಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಎಂದು ಬದಲಾಗುತ್ತದೆ. ಒಳ್ಳೆಯ, ವಿವೇಕದ ಪದ್ಧತಿ. ಆದರೆ ಒಂದೂವರೆಗೆ ಕಚೇರಿ ಬಿಟ್ಟ ಗುಮಾಸ್ತರನ್ನು ಮನೆಗೆ ಒಯ್ಯುವ ಬಸ್ಸಿನ ಡ್ರೈವರ್ ಒಂದೂವರೆಗೆ ಮನೆಗೆ ಹೋಗುವುದಿಲ್ಲ. ಎಂಜಿನ್ ಪಕ್ಕದಲ್ಲಿ ಕೂತ ಅವರಿಗೆ ಬಿಸಿ ಎರಡೂ ಕಡೆಯಿಂದ. ಲಾಡ್ಜಿನ ಮೂರನೇ ಮಹಡಿಗೆ ಕೊಡದಲ್ಲಿ ನೀರು ಹೊರುವ ಹುಡುಗ, ನಿಲ್ದಾಣದ ಕೂಲಿ, ಕಲ್ಲಂಗಡಿ ಕೊಯ್ದುಕೊಡುವ ಮುದುಕಿ ಯಾರೂ ಆ ಆದೇಶದ ಒಳಗಿಲ್ಲ. ತತ್ವ ಒಪ್ಪಿಕೊಂಡಾಗಿದೆ, ಯಾರಿಗೆ ಅನ್ವಯ ಎಂಬಲ್ಲಿ ಗೆರೆ ಎಳೆದಾಗಿದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಶೂನ್ಯ. ರಾಯಚೂರಿನಿಂದ ಮಸ್ಕಿಗೆ ಹೋಗುವಾಗ ಕಂಡಕ್ಟರು ನನಗೂ ಶೂನ್ಯ ಮೊತ್ತದ ಚೀಟಿ ಹರಿದುಕೊಟ್ಟರು. ಪಕ್ಕದಲ್ಲಿ ಕೂತ ಅಜ್ಜಿ ಮಗಳ ಮನೆಗೆ ತಿಂಗಳಿಗೊಮ್ಮೆ ಹೋಗುವಂತಾಗಿದೆ ಎಂದು ಸಂತೋಷಪಟ್ಟರು. ಆ ಸಂತೋಷ ಸಣ್ಣದಲ್ಲ, ಅದನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಆದರೆ ಅದೇ ಬಸ್ಸಿನಲ್ಲಿ ನಾನು ಕಂಡ ಇನ್ನೊಂದು ಸಂಗತಿ ಹೇಳಬೇಕು. ಮೂರು ತಾಸಿನ ದಾರಿಯಲ್ಲಿ ಅಜ್ಜಿ ನೀರು ಮುಟ್ಟಲಿಲ್ಲ. ಚೀಲದಲ್ಲಿ ಬಾಟಲಿ ಇತ್ತು. ‘ಕುಡೀರಿ’ ಎಂದರೆ ಮೆಲ್ಲಗೆ, ‘ಕುಡದ್ರ ಮತ್ತ ಇಳೀಬೇಕಲ್ಲವ್ವ’ ಎಂದರು. ಬಿಸಿಲಿನಲ್ಲಿ ಅಗ್ಗದ ಪ್ರಯಾಣ ಮಾಡುವ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಲೆಕ್ಕ ಇದು. ಶೌಚಾಲಯ ಎಲ್ಲಿದೆಯೋ, ಬಾಗಿಲಿದೆಯೋ, ನೀರಿದೆಯೋ ತಿಳಿಯದು. ಆದ್ದರಿಂದ ಹೊರಡುವ ಮುಂಚಿನಿಂದಲೇ ನೀರು ಬಿಟ್ಟುಬಿಡುವುದು. ಗಂಡಸರು ಪ್ಲಾಟ್‌ಫಾರ್ಮಿನಲ್ಲಿ, ಗುಡಿಯ ಜಗಲಿಯಲ್ಲಿ ಮಧ್ಯಾಹ್ನ ಮೈಚಾಚಬಹುದು. ಒಂಟಿ ಹೆಣ್ಣಿಗೆ ಆ ನೆರಳೂ ಪೂರ್ತಿ ತೆರೆದಿಲ್ಲ. ಬೆವರೊಂದೇ ಮೈಯನ್ನು ಕಾಯುವ ಹೊತ್ತಿನಲ್ಲಿ ನೀರನ್ನೇ ಬಿಡಬೇಕಾಗಿ ಬರುವುದು ಪ್ರಾಣದ ಪ್ರಶ್ನೆ, ಅನಾನುಕೂಲದ ಪ್ರಶ್ನೆಯಲ್ಲ. ಟಿಕೆಟ್ ಶೂನ್ಯವಾದರೂ ಪ್ರಯಾಣದ ಬೆಲೆ ಶೂನ್ಯವಾಗುವುದಿಲ್ಲ.

ಹಾಗೆಂದು ಈ ಸೀಮೆ ಅಪರಿಚಿತರನ್ನು ಬಿಸಿಲಿಗೆ ಬಿಟ್ಟುಬಿಟ್ಟಿದೆ ಎಂದರೆ ತಪ್ಪಾಗುತ್ತದೆ. ಬೇಸಿಗೆ ಬಂತೆಂದರೆ ಅಲ್ಲಿ ಅರವಟ್ಟಿಗೆಗಳು ಏಳುತ್ತವೆ. ನಾಲ್ಕು ಗಳ, ಮೇಲೊಂದು ಚಪ್ಪರ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹರವಿ. ನಮ್ಮ ಶಾಸನಗಳಲ್ಲಿ ಕೆರೆ, ಬಾವಿ, ಛತ್ರಗಳ ಜೊತೆಗೆ ಅರವಟ್ಟಿಗೆಗೂ ದತ್ತಿ ಬಿಟ್ಟದ್ದು ಕಾಣುತ್ತದೆ. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯಲ್ಲಿ ಬೇರೆ ಮಸೀದಿಗಳಂತೆ ತೆರೆದ ಅಂಗಳವಿಲ್ಲ. ಇಡೀ ಜಾಗಕ್ಕೆ ಗುಮ್ಮಟಗಳ ಮಾಡು. ಅದರ ಕಾರಣವನ್ನು ವಾಸ್ತುಶಿಲ್ಪ ಬಲ್ಲವರು ಚರ್ಚಿಸಲಿ, ಏಪ್ರಿಲ್ ಮಧ್ಯಾಹ್ನ ಆ ಕಮಾನುಗಳ ಕೆಳಗೆ ಕಾಲಿಟ್ಟವರ ಮೈಗೆ ಉತ್ತರ ಸಿಕ್ಕಿರುತ್ತದೆ. ಬಂದೇ ನವಾಜ್ ದರ್ಗಾದ ಪಡಸಾಲೆ, ಶರಣಬಸವೇಶ್ವರ ಗುಡಿಯ ಆವರಣಗಳಲ್ಲಿ ಗಂಟುಮೂಟೆ ತಲೆದಿಂಬಾಗಿಸಿಕೊಂಡು ಮಲಗಿದವರನ್ನು ನೋಡಿದರೆ ಈ ಊರಿನಲ್ಲಿ ಬಾಡಿಗೆಯಿಲ್ಲದ ನೆರಳು ಎಲ್ಲಿದೆ ಎನ್ನುವುದು ತಿಳಿಯುತ್ತದೆ.

ನಾನು ಮಸ್ಕಿಗೆ ಹೋದದ್ದು ಅಶೋಕನ ಶಾಸನ ನೋಡಲು. 1915ರಲ್ಲಿ ಬೆಳಕಿಗೆ ಬಂದ ಅದರಲ್ಲಿ ಅಶೋಕ ಎಂಬ ಹೆಸರೇ ಇರುವುದರಿಂದ ದೇವಾನಾಂಪ್ರಿಯ ಯಾರು ಎಂಬ ಗೊಂದಲ ಬಗೆಹರಿಯಿತು. ಅದೇ ಅಶೋಕ ಉತ್ತರದ ತನ್ನ ಸ್ತಂಭ ಶಾಸನವೊಂದರಲ್ಲಿ ದಾರಿಯುದ್ದಕ್ಕೂ ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ಆಲ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು, ನೀರಿನ ತಾಣಗಳನ್ನು ಮಾಡಿಸಿದ್ದನ್ನು ಹೇಳುತ್ತಾನೆ. ಹೇಳಿ, ಈ ಸುಖ ಸಣ್ಣದು, ಹಿಂದಿನ ರಾಜರೂ ಇದನ್ನು ಕೊಟ್ಟಿದ್ದಾರೆ, ನಾನು ಮಾಡಿದ್ದು ಜನ ಧರ್ಮದಲ್ಲಿ ನಡೆಯಲಿ ಎಂದು, ಎಂಬರ್ಥದ ಮಾತನ್ನೂ ಸೇರಿಸುತ್ತಾನೆ. ಮರ ನೆಡುವುದು ಅವನಿಗೆ ಉಪಕಾರಕ್ಕಿಂತ ಹೆಚ್ಚಿನದು. ನೆರಳಲ್ಲಿ ನಿಂತವರಿಗೆ ಇನ್ನೊಬ್ಬರಿಗೂ ನೆರಳು ಬೇಕೆಂಬುದು ಹೊಳೆಯಲಿ ಎಂಬ ಆಸೆ ಅದರಲ್ಲಿದೆ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆಲದ ಸಸಿಗಳಿಗೆ ಕೊಡ ಹೊತ್ತು ನೀರೆರೆದ ಸಾಲುಮರದ ತಿಮ್ಮಕ್ಕ ಯಾವ ಶಾಸನವನ್ನೂ ಓದಿದವರಲ್ಲ. ಆ ಮರಗಳ ಕೆಳಗೆ ಹಾದುಹೋಗುವವರು ಯಾರೆಂದು ಆಕೆ ಕೇಳಲೂ ಇಲ್ಲ. ಮರದ ದೊಡ್ಡ ನೀತಿಯೇ ಅದು, ಅದು ಗುರುತು ಕೇಳುವುದಿಲ್ಲ.

ಆದರೆ ಮನುಷ್ಯರು ಕೇಳುತ್ತಾರೆ. 1901ರಲ್ಲಿ ಒಂಬತ್ತು ವರ್ಷದ ಹುಡುಗ ಭೀಮರಾವ್ ಅಂಬೇಡ್ಕರ್ ಬೇಸಿಗೆ ರಜೆಯಲ್ಲಿ ಅಣ್ಣ ಮತ್ತಿತರರೊಡನೆ ಸಾತಾರಾದಿಂದ ತಂದೆ ಕೆಲಸದಲ್ಲಿದ್ದ ಕೋರೆಗಾಂವ್‌ಗೆ ಹೊರಟ ಪ್ರಸಂಗವನ್ನು ಅವರೇ ಬರೆದಿದ್ದಾರೆ. ಮಕ್ಕಳ ಮೈಮೇಲೆ ಹೊಸ ಬಟ್ಟೆ ಇತ್ತು, ಜೇಬಿನಲ್ಲಿ ದುಡ್ಡಿತ್ತು, ಬುತ್ತಿಯೂ ಇತ್ತು. ಮಸೂರ್ ನಿಲ್ದಾಣದಲ್ಲಿ ಜಾತಿ ತಿಳಿದ ಮೇಲೆ ಯಾವ ಗಾಡಿಯೂ ಬರಲೊಪ್ಪಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆಗೆ, ಮಕ್ಕಳೇ ಗಾಡಿ ಹೊಡೆಯಬೇಕೆಂಬ ಕರಾರಿನ ಮೇಲೆ ಒಬ್ಬ ಒಪ್ಪಿದ. ದಾರಿಯಲ್ಲಿ ಕುಡಿಯುವ ನೀರು ಸಿಗಲಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲೂ ಸಿಗಲಿಲ್ಲ. ಬುತ್ತಿ ಇದ್ದೂ ಉಪವಾಸ ಮಲಗಿದರು.

ಈ ಪ್ರಸಂಗ ನಾನು ಇಲ್ಲಿಯವರೆಗೆ ಕಟ್ಟಿದ ವಾದವನ್ನು ಎರಡು ಕಡೆ ಅಲುಗಿಸುತ್ತದೆ. ಒಂದು, ತಂಪನ್ನು ದುಡ್ಡು ಕೊಳ್ಳುತ್ತದೆ ಎಂದೆ. ದುಡ್ಡಿದ್ದೂ ನೀರು ಸಿಗದವರು ಇದ್ದರು. ಇನ್ನೊಂದು, ಅರವಟ್ಟಿಗೆಯ ಪರಂಪರೆಯನ್ನು ಕೊಂಡಾಡಿದೆ. ಆ ಪರಂಪರೆಯೊಳಗೇ ಬೇರೆ ಲೋಟ, ಮೇಲಿಂದ ಎತ್ತಿ ಹೊಯ್ಯುವ ನೀರು, ದೂರ ನಿಲ್ಲಬೇಕಾದ ಜಾಗ ಎಲ್ಲವೂ ಇದ್ದವು. ದಾನದ ದೌರ್ಬಲ್ಯ ಇಲ್ಲಿದೆ. ಕೊಡುವವರ ಕೈಯಲ್ಲಿ ಲೋಟ ಮಾತ್ರವಲ್ಲ, ಯಾರಿಗೆ ಎಂಬ ತೀರ್ಮಾನವೂ ಇರುತ್ತದೆ. 1927ರ ಮಾರ್ಚ್ 20ರಂದು ಮಹಾಡಿನ ಕೆರೆಯ ನೀರನ್ನು ಅಂಬೇಡ್ಕರ್ ಮತ್ತು ಸಾವಿರಾರು ಜನ ಬೊಗಸೆಯಲ್ಲಿ ಎತ್ತಿ ಕುಡಿದಾಗ ಅವರು ಯಾರ ಔದಾರ್ಯವನ್ನೂ ಬೇಡಲಿಲ್ಲ. ಸಾರ್ವಜನಿಕ ಕೆರೆಯ ನೀರು ಸಾರ್ವಜನಿಕರದು ಎಂದರು.

ಜರ್ಮನಿಯ ತತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆಯುವಾಗ ಅತಿಥಿ ಸತ್ಕಾರವನ್ನು ಪರೋಪಕಾರದ ಪಟ್ಟಿಯಿಂದ ತೆಗೆದು ಹಕ್ಕಿನ ಪಟ್ಟಿಗೆ ಸೇರಿಸಿದ. ಭೂಮಿ ದುಂಡಗಿದೆ, ಅದರ ಮೇಲ್ಮೈಗೆ ಮಿತಿಯಿದೆ, ಮನುಷ್ಯರು ಕೊನೆಯಿಲ್ಲದೆ ದೂರ ಸರಿಯಲಾರರು, ಹಾಗಾಗಿ ಬಂದವರನ್ನು ವೈರಿಯಂತೆ ಕಾಣಬಾರದು ಎಂಬುದು ಅವನ ತರ್ಕ. ನೆರಳಿಗೂ ಇದೇ ತರ್ಕ ಸಲ್ಲುತ್ತದೆ ಎಂದು ನನಗನಿಸುತ್ತದೆ. ಬಿಸಿಲು ಎಲ್ಲ ಕಡೆ ಬೀಳುತ್ತದೆ, ನೆರಳು ಮಾತ್ರ ಯಾರದೋ ಆಸ್ತಿಯಾಗಿರುತ್ತದೆ. ಇದ್ದಬದ್ದ ನೆರಳೆಲ್ಲ ಆಸ್ತಿಯಾದ ಊರಿನಲ್ಲಿ, ಆಸ್ತಿಯಿಲ್ಲದವರಿಗೆ ನಿಲ್ಲಲು ಜಾಗವೇ ಇಲ್ಲವಾಗುತ್ತದೆ. ಆದ್ದರಿಂದ ದಾರಿಹೋಕರಿಗೆ ನೆರಳು, ನೀರು, ಬಾಗಿಲಿರುವ ಶೌಚಾಲಯ ಇವು ಊರಿನ ಔದಾರ್ಯದ ಅಳತೆಗೆ ಬಿಟ್ಟ ವಿಷಯವಾಗಬಾರದು.

ಹಾಗಾದರೆ ಅರವಟ್ಟಿಗೆ ಬೇಡವೇ? ಬೇಕು. ಹಕ್ಕಿಗೂ ಒಂದು ದೌರ್ಬಲ್ಯವಿದೆ, ಅದು ಕಾಗದದ ಮೇಲೆ ಚೆನ್ನಾಗಿ ಬದುಕುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ‘ಕುಡಿಯುವ ನೀರು’ ಎಂದು ಬರೆದ ಗೋಡೆಯ ಕೆಳಗೆ ಒಣಗಿದ ನಲ್ಲಿಯನ್ನು ಯಾರು ನೋಡಿಲ್ಲ? ಆ ನಲ್ಲಿಯ ಹತ್ತು ಅಡಿ ಆಚೆ ಬೆಳಿಗ್ಗೆ ಆರಕ್ಕೆ ಎದ್ದು ಯಾರೋ ಹರವಿ ತುಂಬಿಸಿರುತ್ತಾರೆ. ಹಕ್ಕು ಹೇಳುವುದು ಯಾರನ್ನೂ ಬಿಡಬಾರದು ಎಂದು, ಅರವಟ್ಟಿಗೆ ಹೇಳುವುದು ಇವತ್ತು ಬಿಂದಿಗೆ ಖಾಲಿಯಿರಬಾರದು ಎಂದು. ಒಂದು ಇನ್ನೊಂದರ ಕೆಲಸ ಮಾಡಲಾರದು.

ಇದು ಬಿಸಿಲೂರಿನ ಮಾತು ಮಾತ್ರವಲ್ಲ. ನಮ್ಮ ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ತೆರವು ಮಾಡಿಸಿತು. ಮನೆ ಕಳೆದುಕೊಂಡವರ ನೋವು ಒಂದು ಕಡೆ, ಎಲ್ಲರಿಗೂ ಸೇರಿದ ತಂಪು ಎಂಬ ಆಸ್ತಿ ಇನ್ನೊಂದು ಕಡೆ. ಎರಡನ್ನೂ ತೂಗದೆ ನೀತಿಯ ಮಾತಾಡಲಾಗದು. ಬೆಂಗಳೂರಿನ ಉದ್ಯಾನಗಳು ಬಹುಕಾಲ ಬೆಳಿಗ್ಗೆ ಹತ್ತಕ್ಕೆ ಬಾಗಿಲು ಹಾಕಿ, ಬಿಸಿಲೇರಿದ ಕೆಲವು ತಾಸು ಮುಚ್ಚಿರುತ್ತಿದ್ದವು. ವಾಕಿಂಗ್ ಮಾಡುವವರಿಗೆ ತೆರೆದ ನೆರಳು ಪಾರ್ಸೆಲ್ ಹುಡುಗರಿಗೆ, ಮನೆಗೆಲಸದ ಹೆಂಗಸರಿಗೆ ಬೇಕಾದ ಹೊತ್ತಿಗೆ ಬೀಗದೊಳಗಿರುತ್ತಿತ್ತು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ತೀರ್ಮಾನ ಬಂತು. ಒಂದು ಗೇಟಿನ ಬೀಗ ತೆಗೆಯುವುದು ಎಷ್ಟು ಸಣ್ಣ ಕೆಲಸ, ಅದಕ್ಕೆ ಎಷ್ಟು ವರ್ಷ ಬೇಕಾಯಿತು ನೋಡಿ.

ಈ ಬೇಸಿಗೆಯಲ್ಲೂ ನನ್ನಂಥವರು ಸ್ಲೀಪರಿನಲ್ಲೇ ಹೋಗುತ್ತೇವೆ, ಅದರಲ್ಲಿ ತ್ಯಾಗವೂ ಇಲ್ಲ, ಸಾಹಸವೂ ಇಲ್ಲ. ಆದರೆ ಒಂದೆರಡು ರೂಢಿಗಳನ್ನು ಮಾಡಿಕೊಳ್ಳಬಹುದು. ಮಧ್ಯಾಹ್ನ ಬಿಸಿಲಲ್ಲಿ ನಿಂತವರ ಜೊತೆ ಚೌಕಾಸಿ ಮಾಡದಿರುವುದು. ಕೋಣೆಗೆ ನೀರು ತಂದ ಹುಡುಗನನ್ನು ಎರಡನೇ ಸಲ ಮಹಡಿ ಹತ್ತಿಸದಿರುವುದು. ಕಂಡ ಒಣ ನಲ್ಲಿಯ ಬಗ್ಗೆ, ಬಾಗಿಲಿಲ್ಲದ ಶೌಚಾಲಯದ ಬಗ್ಗೆ ನಿಲ್ದಾಣದ ದೂರು ಪುಸ್ತಕದಲ್ಲಿ ಬರೆಯುವುದು. ಇವು ಸಣ್ಣವು, ಅಶೋಕನ ಮಾತಿನಲ್ಲೇ ಹೇಳಬೇಕೆಂದರೆ ಈ ಸುಖ ಸಣ್ಣದು. ಮುಂದಿನ ವರ್ಷಗಳಲ್ಲಿ ಬಿಸಿಲು ಹೆಚ್ಚುವುದಂತೂ ಖಂಡಿತ. ನೆರಳನ್ನು ಹಂಚುತ್ತೇವೋ ಇನ್ನಷ್ಟು ಎತ್ತರದ ಕಾಂಪೌಂಡಿನೊಳಗೆ ಸೇರಿಸುತ್ತೇವೋ ಎನ್ನುವುದು ಮಾತ್ರ ಇನ್ನೂ ನಿಶ್ಚಯವಾಗಿಲ್ಲ. ಅದನ್ನು ನಿಶ್ಚಯಿಸುವವರು ಸದ್ಯ ನೆರಳಲ್ಲಿ ಕೂತಿದ್ದಾರೆ. ಅವರಿಗೆ ಕಾಯುವ ಶಕ್ತಿ ಇದೆ, ಬಸ್ಸಿನಲ್ಲಿ ನೀರು ಕುಡಿಯದೆ ಕೂತ ಅಜ್ಜಿಗೆ ಇಲ್ಲ.